ಹಳೇ ಕಟ್ಟಡಕ್ಕೆ ಹೊಸ ಟಾಯ್ಲೆಟ್: ನೆಲ ಅಗೆಯದೆ, ನಿದ್ದೆ ಕೆಡಿಸದೆ ವ್ಯಾಕ್ಯೂಮ್ ಡ್ರೈನೇಜ್ ಹಾಕುವ ಬಗೆ

ಕೆಳಗೆ ಸೀರೆ ಅಂಗಡಿ, ಮೊದಲ ಮಹಡಿ ಖಾಲಿ, ಎರಡನೇ ಮಹಡಿಯಲ್ಲಿ ಮಾಲೀಕರ ಮನೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥ ಕಟ್ಟಡ ಬೀದಿಗೆ ನಾಲ್ಕು ಸಿಗುತ್ತವೆ. ಅಂಥದೊಂದು ಖಾಲಿ ಮಹಡಿಗೆ ಡಾಕ್ಟರೊಬ್ಬರು ಬಂದರು. ಕ್ಲಿನಿಕ್ ಮಾಡಬೇಕು, ಮುಂಭಾಗದಲ್ಲಿ ಮೂರು ಟಾಯ್ಲೆಟ್, ಕೋಣೆಗೊಂದರಂತೆ ಎಂಟು ವಾಷ್‌ಬೇಸಿನ್ ಬೇಕು ಅಂದರು. ಕೊಳಚೆ ಪೈಪುಗಳು ಕೆಳಗಿಳಿಯುವ ಕಟ್ಟಡದ ಡ್ರೈನೇಜ್ ಡಕ್ಟ್ ಇರುವುದು ಹಿಂಭಾಗದಲ್ಲಿ, 18 ಮೀಟರ್ ಆಚೆ. ಪೈಪನ್ನು ಕೆಳಗಿನ ಅಂಗಡಿಯ ಸೀಲಿಂಗ್ ಒಳಗೆ ಒಯ್ಯೋಣವೇ ಅಂತ ಕೇಳಿದೆವು. ಅಂಗಡಿಯವರು ಒಂದೇ ಮಾತು ಹೇಳಿದರು: “ರೇಷ್ಮೆ ಸೀರೆ ಮೇಲೆ ಕಕ್ಕಸಿನ ಪೈಪಾ ಸ್ವಾಮಿ?”

ಅದಕ್ಕೆ ಉತ್ತರ ಕೊಡೋಕೆ ನಮ್ಮಲ್ಲಿ ಏನೂ ಇರಲಿಲ್ಲ.

ಕೊನೆಗೆ ಅಲ್ಲಿ ಹಾಕಿದ್ದು ವ್ಯಾಕ್ಯೂಮ್ ಡ್ರೈನೇಜ್. ಕಮೋಡ್, ಬೇಸಿನ್ ಎಲ್ಲ ಮೊದಲ ದಿನದಿಂದಲೇ ಚೆನ್ನಾಗಿ ಕೆಲಸ ಮಾಡಿದವು. ಆದರೆ ವಾರ ಕಳೆಯುವುದರೊಳಗೆ ಎರಡನೇ ಮಹಡಿಯ ಅಮ್ಮಾವ್ರು ಫೋನ್ ಮಾಡಿದರು. “ಕ್ಲಿನಿಕ್ ಒಂಬತ್ತಕ್ಕೆ ಬಾಗಿಲು ಹಾಕುತ್ತೆ. ಆದರೂ ರಾತ್ರಿ ಎರಡು ಗಂಟೆಗೆ ಗೋಡೆಯೊಳಗೆ ಏನೋ ಗುರ್ ಅನ್ನುತ್ತಲ್ಲಪ್ಪ?” ಅಂತ. ಆ ಗುರ್ ಸದ್ದಿನ ಮೂಲ ಹುಡುಕುತ್ತಾ ಹೋಗಿ ನಾನು ಕಲಿತದ್ದೇ ಈ ಲೇಖನದಲ್ಲಿ ಜಾಸ್ತಿ ಇದೆ.

ಮೊದಲು, ಇದು ಹೇಗೆ ಕೆಲಸ ಮಾಡುತ್ತದೆ

ಎಳನೀರಿಗೆ ಸ್ಟ್ರಾ ಹಾಕಿ ಕುಡಿದಿದ್ದೀರಲ್ವಾ? ಬಾಯಲ್ಲಿ ಎಳೆದರೆ ನೀರು ಮೇಲೆ ಹತ್ತುತ್ತದೆ. ನಿಜ ಹೇಳಬೇಕೆಂದರೆ ನಾವು ಎಳೆಯುವುದಿಲ್ಲ. ಬಾಯೊಳಗೆ ಒತ್ತಡ ಕಮ್ಮಿ ಮಾಡುತ್ತೇವೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಬುರುಡೆ ಖಾಲಿಯಾಗುತ್ತಾ ಬಂದಾಗ ಗೊರಗೊರ ಸದ್ದು ಶುರುವಾಗುತ್ತದೆ. ಅದು ನೀರಿನ ಜೊತೆ ಗಾಳಿಯೂ ನುಗ್ಗುವ ಸದ್ದು.

ವ್ಯಾಕ್ಯೂಮ್ ಡ್ರೈನೇಜ್ ಅಂದರೆ ಯಾವಾಗಲೂ ಆ ಕೊನೆಯ ಗುಟುಕಿನ ಸ್ಥಿತಿ. ಎಲ್ಲೋ ಒಂದು ಮೂಲೆಯಲ್ಲಿ ಪಂಪ್ ಕೂತಿರುತ್ತದೆ. ಅದು ಪೈಪಿನೊಳಗಿನ ಒತ್ತಡವನ್ನು ಹೊರಗಿನ ಗಾಳಿಗಿಂತ ಸುಮಾರು 40ರಿಂದ 60 ಕಿಲೋಪ್ಯಾಸ್ಕಲ್ ಕಮ್ಮಿ ಇಟ್ಟಿರುತ್ತದೆ. ಪ್ರತಿ ಕಮೋಡಿನ ಬುಡದಲ್ಲಿ, ಪ್ರತಿ ಬೇಸಿನ್ನಿನ ಕೆಳಗೆ ಒಂದು ವಾಲ್ವ್. ವಾಲ್ವ್ ತೆರೆದ ಕೂಡಲೇ ಹೊರಗಿನ ಗಾಳಿ ಕೊಳಚೆಯನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಕೊಳಚೆ ಸಣ್ಣ ಸಣ್ಣ ಮುದ್ದೆಗಳಾಗಿ, ಹಿಂದೆ ಗಾಳಿ ಮುಂದೆ ನೀರು ಅನ್ನುವ ಹಾಗೆ ಓಡುತ್ತದೆ.

ಇದರಿಂದ ಹಳೇ ಕಟ್ಟಡಕ್ಕೆ ಮೂರು ಅನುಕೂಲ. ಪೈಪು ಕೆಳಕ್ಕೇ ಹೋಗಬೇಕೆಂಬ ಕಟ್ಟಳೆ ಇಲ್ಲ, ಕಮೋಡಿನಿಂದ ನೇರ ಮೇಲೆ ಹತ್ತಿ ಅದೇ ಮಹಡಿಯ ಸೀಲಿಂಗಿನಲ್ಲಿ ಹೋಗಬಹುದು. 110 ಎಂಎಂ ಪೈಪಿನ ಜಾಗದಲ್ಲಿ ಹೆಚ್ಚಾಗಿ 50 ಎಂಎಂ ಸಾಕು. ಮಾಮೂಲಿ ಕಮೋಡು 6 ಲೀಟರ್ ನೀರು ಸುರಿಯುವ ಕಡೆ ಇದು ಸುಮಾರು 1 ಲೀಟರಿನಲ್ಲಿ ಮುಗಿಸುತ್ತದೆ.

ವಿಮಾನ ಹತ್ತಿದವರಿಗೆ, ವಂದೇ ಭಾರತ್ ರೈಲಿನಲ್ಲಿ ಹೋದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ವಿಷಯ ಹೊಸದೂ ಅಲ್ಲ. ನೆದರ್ಲೆಂಡ್ಸಿನ ಎಂಜಿನಿಯರ್ ಚಾರ್ಲ್ಸ್ ಲಿಯರ್ನೂರ್ 19ನೇ ಶತಮಾನದಲ್ಲೇ ಊರಿನ ಕೊಳಚೆಯನ್ನು ಗಾಳಿಯಿಂದ ಎಳೆಯುವ ವ್ಯವಸ್ಥೆ ಕಟ್ಟಿದ್ದರು. ಈಗಿನ ಕಮೋಡಿನ ಮೂಲಪುರುಷ ಸ್ವೀಡನ್ನಿನ ಯೋಯೆಲ್ ಲಿಲ್ಯೆಂಡಾಲ್, 1950ರ ದಶಕದವರು. ಹಡಗಿನವರು ಇದನ್ನು ಬಿಡದೆ ಹಿಡಿದುಕೊಂಡರು. ಅವರದೂ ನಮ್ಮದೇ ಕಷ್ಟ ತಾನೇ, ಪೈಪಿಗೆ ಇಳಿಜಾರು ಕೊಡೋಕೆ ಜಾಗವಿಲ್ಲ.

ಹಂತ 1: ನಿಜವಾಗಿಯೂ ಇದು ಬೇಕೇ ಅಂತ ಲೆಕ್ಕ ಹಾಕಿ

ಮೇಸ್ತ್ರಿಗಳು “ವಾಟ” ಅನ್ನುತ್ತಾರಲ್ಲ, ಆ ಇಳಿಜಾರಿನ ಲೆಕ್ಕದಿಂದಲೇ ಶುರು ಮಾಡಿ. ಮಾಮೂಲಿ 110 ಎಂಎಂ ಪೈಪಿಗೆ 40 ಅಡಿಗೆ 1 ಅಡಿ ವಾಟ ಒಳ್ಳೆಯದು, ತೀರಾ ಬಿಗಿಯಾದರೆ 60ಕ್ಕೆ 1. ನಮ್ಮ ಕ್ಲಿನಿಕ್‌ನಲ್ಲಿ ದೂರ 18 ಮೀಟರ್. 40ಕ್ಕೆ 1 ಅಂದರೆ 450 ಎಂಎಂ ಇಳಿತ. 60ಕ್ಕೆ 1 ಹಿಡಿದರೂ 300 ಎಂಎಂ. ಅದರ ಮೇಲೆ ಪೈಪಿನ ದಪ್ಪ, ವಾಸನೆ ತಡೆಯಲು ನೀರು ನಿಲ್ಲುವ ಬಾಗು ಅಂದರೆ ಟ್ರ್ಯಾಪಿನ ಎತ್ತರ. ಅಷ್ಟನ್ನು ನೆಲದ ಮೇಲೆ ಕಟ್ಟಿದರೆ ಒಳಗೆ ಬರೋಕೆ ಮೂರು ಮೆಟ್ಟಿಲು ಬೇಕು. ವೀಲ್‌ಚೇರಿನಲ್ಲಿ ಬರುವವರ ಕಥೆ ಏನು? ಸ್ಲ್ಯಾಬ್ ಕೆಳಗೆ ಹೋಗೋಣ ಅಂದರೆ ಸೀರೆ ಅಂಗಡಿ.

ನಿಮ್ಮ ಲೆಕ್ಕದಲ್ಲಿ ದೂರ 3-4 ಮೀಟರ್ ಬಂದರೆ ಇಲ್ಲಿಗೇ ಓದು ನಿಲ್ಲಿಸಿ. ನೆಲವನ್ನು ನಾಲ್ಕೈದು ಇಂಚು ಎತ್ತಿ, ಹಿಂದಕ್ಕೆ ಹೊರಹರಿವು ಇರುವ ಕಮೋಡ್ ಹಾಕಿ, ಮಾಮೂಲಿ ಪೈಪಲ್ಲೇ ಮುಗಿಸಿ. ಗುರುತ್ವಕ್ಕೆ ಕರೆಂಟ್ ಬಿಲ್ ಇಲ್ಲ, ಸರ್ವಿಸಿಗೆ ಯಾರೂ ಬರಬೇಕಾಗಿಲ್ಲ.

ದೂರ ಇದೆ, ಆದರೆ ಒಂದೇ ಟಾಯ್ಲೆಟ್ ಅನ್ನುವವರಿಗೆ ಇನ್ನೊಂದು ದಾರಿ: ಕಮೋಡಿನ ಹಿಂದೆ ಕೂರುವ, ಕೊಳಚೆಯನ್ನು ಅರೆದು ಸಣ್ಣ ಪೈಪಿನಲ್ಲಿ ತಳ್ಳುವ ಪುಟ್ಟ ಪಂಪ್ ಪೆಟ್ಟಿಗೆ. ಸುಲಭ, ವ್ಯಾಕ್ಯೂಮಿಗಿಂತ ಅಗ್ಗ. ಆದರೆ ಪ್ರತಿ ಸಲ ಮಿಕ್ಸಿ ಓಡಿಸಿದ ಹಾಗೆ ಸದ್ದು, ಅದೂ ಟಾಯ್ಲೆಟ್ ಒಳಗೇ. ಯಾರೋ ಒಬ್ಬರು ಪ್ಯಾಡ್ ಹಾಕಿದರೆ ಬ್ಲೇಡ್ ಸಿಕ್ಕಿಕೊಳ್ಳುತ್ತದೆ. ಮನೆಯವರೇ ಬಳಸುವ ಕಡೆ ಪರವಾಗಿಲ್ಲ. ಊರವರೆಲ್ಲ ಬಂದು ಹೋಗುವ ಕಡೆ ನಾನು ಹಾಕುವುದಿಲ್ಲ.

ಟಾಯ್ಲೆಟ್ಟು, ಬೇಸಿನ್ನು ಸೇರಿ ಎಂಟು-ಹತ್ತು ಇರಬೇಕು, ಅವು ಚೆದುರಿ ಹೋಗಿರಬೇಕು, ಕೆಳಗಿನ ಮಹಡಿ ನಿಮ್ಮದಲ್ಲದೇ ಇರಬೇಕು. ಅಲ್ಲಿ ವ್ಯಾಕ್ಯೂಮಿಗೆ ಹಾಕಿದ ದುಡ್ಡಿಗೆ ಅರ್ಥ ಬರುತ್ತದೆ. ಅಂಗಡಿ ಮಳಿಗೆಗಳಿಗೂ ಇದು ಹೊಂದುತ್ತದೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಫ್ರಿಜ್ ಕಪಾಟುಗಳ ನೀರನ್ನು ಹೀಗೆ ಮೇಲಕ್ಕೆ ಎಳೆದುಬಿಡುತ್ತಾರೆ. ಕಪಾಟಿನ ಜಾಗ ಬದಲಾದರೂ ನೆಲ ಒಡೆಯುವ ಗೋಜಿಲ್ಲ.

ಹಂತ 2: ಏನೇನು ಸೇರಿಸುತ್ತೀರಿ? ಬಚ್ಚಲು ಇದ್ದರೆ ಎರಡು ಸಲ ಯೋಚಿಸಿ

ಕಮೋಡಿಗೆ ವ್ಯಾಕ್ಯೂಮ್ ಹೇಳಿ ಮಾಡಿಸಿದ ಹಾಗಿದೆ. ಕಮೋಡು ಮಾತ್ರ ಅದಕ್ಕಾಗಿಯೇ ತಯಾರಾದದ್ದು ಇರಬೇಕು, ಮಾಮೂಲಿ ಕಮೋಡಿಗೆ ಸುಮ್ನೆ ಪೈಪ್ ಬದಲಿಸಿದರೆ ಆಗುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಬಳಸುವ ಭಾರತೀಯ ಬಗೆಯದೂ ಇದೆ, ರೈಲಿನಲ್ಲಿ ನೋಡಿರುತ್ತೀರಿ.

ಒಂದು ವಿಷಯ ವಿದೇಶಿ ಕ್ಯಾಟಲಾಗುಗಳಲ್ಲಿ ಸಿಗುವುದಿಲ್ಲ. ನಾವು ನೀರಲ್ಲಿ ತೊಳೆದುಕೊಳ್ಳುವವರು. ಹೆಲ್ತ್ ಫಾಸೆಟ್ಟಿನಿಂದಲೋ ಮಗ್ಗಿನಿಂದಲೋ ಪ್ರತಿ ಸಲ ಒಂದೆರಡು ಲೀಟರ್ ಹೆಚ್ಚು ನೀರು ಒಳಗೆ ಹೋಗುತ್ತದೆ. 1 ಲೀಟರ್ ಲೆಕ್ಕದಲ್ಲಿ ಟ್ಯಾಂಕು, ಪಂಪು ಆರಿಸಿದರೆ ಎಡವುತ್ತೀರಿ. ನಾನು ಸಲಕ್ಕೆ 3 ಲೀಟರ್ ಅಂತ ಹಿಡಿಯುತ್ತೇನೆ. ಹೀಗೆ ಮಾಡಿದರೂ ಮಾಮೂಲಿ ಕಮೋಡಿಗಿಂತ ನೀರು ಉಳಿಯುತ್ತದೆ, ಅಲ್ಲೂ ತೊಳೆಯುವ ನೀರು ಇದ್ದೇ ಇರುತ್ತದಲ್ಲ.

ಬೇಸಿನ್, ಸಿಂಕ್, ಎಸಿಯ ನೀರಿಗೆ ಬೇರೆ ಏರ್ಪಾಡು. ಬೇಸಿನ್ ಕೆಳಗೆ ಮಾಮೂಲಿ ಬಾಟಲ್ ಟ್ರ್ಯಾಪ್, ಅದರ ಕೆಳಗೆ ಕೆಲವು ಲೀಟರ್ ಹಿಡಿಯುವ ಒಂದು ಬಫರ್ ಡಬ್ಬಿ. ನೀರು ಗುರುತ್ವದಿಂದ ಡಬ್ಬಿಗೆ ಬೀಳುತ್ತದೆ. ಡಬ್ಬಿ ತುಂಬಿತು ಅಂತ ಸೆನ್ಸರ್ ಹೇಳಿದಾಗ ವಾಲ್ವ್ ತೆರೆದು ಒಂದೇ ಗುಟುಕಿಗೆ ಎಳೆದುಕೊಳ್ಳುತ್ತದೆ. ಅಡುಗೆಮನೆ ಸಿಂಕಿಗೆ ಮೊದಲು ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್ ಬೇಕೇ ಬೇಕು. ಸಾರಿನ ಒಗ್ಗರಣೆ ಎಣ್ಣೆ 50 ಎಂಎಂ ಪೈಪಿನಲ್ಲಿ ಹೆಪ್ಪುಗಟ್ಟಿದರೆ ಆಮೇಲೆ ಬಿಡಿಸುವುದು ಯಾರು?

ಕಷ್ಟ ಇರುವುದು ಬಚ್ಚಲಲ್ಲಿ. ನಮ್ಮ ಸ್ನಾನ ಅಂದರೆ ನೆಲದ ಮೇಲೆ ನೀರು. ಬಕೆಟ್ ಕವುಚಿದರೆ ನಾಲ್ಕು ಸೆಕೆಂಡಿಗೆ 15-20 ಲೀಟರ್. ಬಚ್ಚಲ ನೀರು ಇಳಿಯುವ ಜಾಲರಿ ಬಾಯಿ, ನಹಾನಿ ಟ್ರ್ಯಾಪ್, ಇರುವುದು ನೆಲದ ಮಟ್ಟದಲ್ಲಿ, ಅದರ ಕೆಳಗೆ ಡಬ್ಬಿ ಕೂರಿಸೋಕೆ ಆಳವಿಲ್ಲ. ಮಾಡಲು ಬರುವುದಿಲ್ಲ ಅಂತಲ್ಲ. ನೆಲ ಐದಾರು ಇಂಚು ಎತ್ತಬೇಕು, ದೊಡ್ಡ ಬಫರ್ ಬೇಕು, ಎಳೆಯುವ ಸದ್ದೂ ಜಾಸ್ತಿ. ಟಾಯ್ಲೆಟ್ಟನ್ನು ಮುಂದೆ ಹಾಕಿ, ಬಚ್ಚಲನ್ನು ಹಳೇ ಡಕ್ಟ್ ಪಕ್ಕದಲ್ಲೇ ಬಿಡುವುದು ಜಾಣತನ.

ಹಂತ 3: ಯಂತ್ರಕ್ಕೆ ಜಾಗ

ಪಂಪು, ಅದರ ಟ್ಯಾಂಕು, ಪ್ಯಾನೆಲ್ ಎಲ್ಲಕ್ಕೂ ಒಂದು ಸಣ್ಣ ಕೋಣೆ ಬೇಕು. ನೆಲಮಹಡಿ, ಹಿಂಭಾಗ, ಒಳಚರಂಡಿಯ (ಯುಜಿಡಿ) ಚೇಂಬರಿಗೆ ಹತ್ತಿರ. ನಮ್ಮ ಕ್ಲಿನಿಕ್ಕಿಗೆ ಹಳೇ ಜನರೇಟರ್ ಕೋಣೆ ಸಿಕ್ಕಿತು. ಮಲಗುವ ಕೋಣೆಯ ಕೆಳಗೆ, ಪಕ್ಕದಲ್ಲಿ ಬೇಡ.

ಪಂಪು ಯಾವಾಗಲೂ ಎರಡು ಇರಲಿ. ಒಂದು ಓಡುತ್ತದೆ, ಇನ್ನೊಂದು ಕಾಯುತ್ತದೆ, ಸರದಿ ಬದಲಾಗುತ್ತಿರುತ್ತದೆ. ಒಂದು ಕೆಟ್ಟ ದಿನ ಇಡೀ ಮಹಡಿಯ ಟಾಯ್ಲೆಟ್ಟು ಬಂದ್ ಆಗಬಾರದು ನೋಡಿ. ಫ್ಲಶ್ ಒತ್ತಿದಾಗ ಮಾತ್ರ ಪಂಪ್ ಓಡುವ ಚಿಕ್ಕ ವ್ಯವಸ್ಥೆಯೂ ಇದೆ. ಒಂದೆರಡು ಟಾಯ್ಲೆಟ್ಟಿಗೆ ಅದು ಸಾಕು. ಆದರೆ ಅದರಲ್ಲಿ ಪ್ರತಿ ಫ್ಲಶ್ಶಿಗೂ ಪಂಪಿನ ಸದ್ದು ಕೇಳಲೇಬೇಕು. ಟ್ಯಾಂಕಿನಲ್ಲಿ ವ್ಯಾಕ್ಯೂಮ್ ತುಂಬಿಟ್ಟುಕೊಳ್ಳುವ ಬಗೆಯಲ್ಲಿ ಹಲವು ಫ್ಲಶ್ಶಿಗೊಮ್ಮೆ, ದೂರದ ಕೋಣೆಯಲ್ಲಿ ಪಂಪ್ ಓಡುತ್ತದೆ.

ಪಂಪ್ ಕೊಡುವವರು ಮರೆಯುವ ಮಾತೊಂದಿದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 91ರ ಆಸುಪಾಸು. ಅಂದರೆ ತಳ್ಳುವ ಗಾಳಿಯೇ ಇಲ್ಲಿ ಹತ್ತನೇ ಒಂದು ಪಾಲು ಕಮ್ಮಿ. ಮಂಗಳೂರಿನಲ್ಲಿ 60 ಕಿಲೋಪ್ಯಾಸ್ಕಲ್ ಸಲೀಸಾಗಿ ಹಿಡಿಯುವ ಪಂಪು ಮಡಿಕೇರಿಯಲ್ಲಿ ಅದೇ ಗೇಜ್ ತೋರಿಸೋಕೆ ಜಾಸ್ತಿ ಹೊತ್ತು ಓಡಬೇಕಾಗುತ್ತದೆ. ಊರಿನ ಎತ್ತರ ಹೇಳಿಯೇ ಕೊಟೇಶನ್ ಕೇಳಿ.

ಹಂತ 4: ಪೈಪಿನ ದಾರಿ

ಡ್ರೈನೇಜ್ ಅಂದ ಕೂಡಲೇ ಪ್ಲಂಬರ್ ಕೈ ಕೊಳಚೆಗೆ ಬಳಸುವ ಮಾಮೂಲಿ ಎಸ್‌ಡಬ್ಲ್ಯುಆರ್ ಪೈಪಿನ ಕಡೆ ಹೋಗುತ್ತದೆ. ಅದನ್ನು ಗೇಟಿನಲ್ಲೇ ತಡೆಯಿರಿ. ಅದರ ರಬ್ಬರ್ ರಿಂಗ್ ಜಾಯಿಂಟು ಒಳಗಿನ ನೀರನ್ನು ಹೊರಗೆ ಬಿಡದ ಹಾಗೆ ಮಾಡಿದ್ದೇ ಹೊರತು, ಹೊರಗಿನ ಗಾಳಿಯನ್ನು ತಡೆಯೋಕೆ ಅಲ್ಲ. ಇಲ್ಲಿಗೆ ಬೇಕಾದದ್ದು ಒತ್ತಡ ತಡೆಯುವ, ಪಿಎನ್ 10 ದರ್ಜೆಯ ಯುಪಿವಿಸಿ ಪ್ಲಾಸ್ಟಿಕ್ ಪೈಪು, ಸಾಲ್ವೆಂಟ್ ಅಂಟು ಹಾಕಿ ಅಂಟಿಸಿದ್ದು. ಅಥವಾ ಬೆಸುಗೆ ಹಾಕಿದ ಎಚ್‌ಡಿಪಿಇ.

ಸ್ಲ್ಯಾಬಿಗೆ, ಗೋಡೆಗೆ ಕೋರ್ ಕಟಿಂಗ್ ಮಾಡುವಾಗ ತೂತು ಸಣ್ಣದು, 75 ಎಂಎಂ ಸಾಕು. ಹಾಗಂತ ತೊಲೆಗೋ ಕಂಬಕ್ಕೋ ಕೈ ಹಾಕಬೇಡಿ. ಹಳೇ ಕಟ್ಟಡದ ನಕ್ಷೆ ಸಿಗದಿದ್ದರೆ ಮೊದಲು ಕಂಬಿ ಎಲ್ಲಿದೆ ಅಂತ ಸ್ಕ್ಯಾನ್ ಮಾಡಿಸಿ. ಬೆಂಕಿ ತಡೆಯುವ ಗೋಡೆ ದಾಟಿದರೆ ಅಲ್ಲಿ ಫೈರ್ ಕಾಲರ್ (ಬೆಂಕಿಯ ಕಾವಿಗೆ ಉಬ್ಬಿ ತೂತು ಮುಚ್ಚುವ ಪಟ್ಟಿ) ಹಾಕಬೇಕು.

ಮೇಲೆ ಹತ್ತಿಸುವುದಕ್ಕೂ ಮಿತಿ ಇದೆ. 50 ಕಿಲೋಪ್ಯಾಸ್ಕಲ್ ಅಂದರೆ ಲೆಕ್ಕಕ್ಕೆ 5 ಮೀಟರ್ ನೀರಿನ ಕಂಬ. ನಾನು 3 ಮೀಟರ್ ದಾಟುವುದಿಲ್ಲ, ಹತ್ತಡಿ ಸೀಲಿಂಗಿಗೆ ಅಷ್ಟು ಸಾಕಲ್ವಾ? ಹತ್ತುವ ಪೈಪಿನ ಬುಡದಲ್ಲಿ ಯು ಆಕಾರದ ಸಣ್ಣ ತಗ್ಗು ಕೊಡಬೇಕು. ಚೆಲ್ಲಾಪಿಲ್ಲಿಯಾದ ನೀರು ಅಲ್ಲಿ ಕೂಡಿಕೊಂಡು ಮತ್ತೆ ಮುದ್ದೆಯಾಗುತ್ತದೆ, ಮುಂದಿನ ಗಾಳಿ ಅದನ್ನು ಮೇಲೆ ತಳ್ಳುತ್ತದೆ. ಉದ್ದನೆಯ ಅಡ್ಡ ಪೈಪಿನಲ್ಲೂ 25-30 ಮೀಟರಿಗೊಂದು ಇಂಥ ತಗ್ಗು ಇರಲಿ. ಮಧ್ಯದಲ್ಲಿ 200ಕ್ಕೆ 1ರಷ್ಟು ಸಣ್ಣ ವಾಟ ಸಿಕ್ಕರೆ ಒಳ್ಳೆಯದು.

ಕೊಂಬೆ ಪೈಪು ಮುಖ್ಯ ಪೈಪಿಗೆ ಮೇಲಿನಿಂದಲೇ ಸೇರಬೇಕು, ಅದೂ 45 ಡಿಗ್ರಿ ವೈ ತುಂಡಿನಲ್ಲಿ, ಹರಿವಿನ ದಿಕ್ಕಿಗೆ. ಪಕ್ಕದಿಂದಲೋ ಕೆಳಗಿನಿಂದಲೋ ಸೇರಿಸಿದರೆ ಮುಖ್ಯ ಪೈಪಿನ ನೀರು ಕೊಂಬೆಯೊಳಕ್ಕೆ ಇಳಿದು ಕೂರುತ್ತದೆ. ಪ್ರತಿ ಕೊಂಬೆಗೂ ಒಂದು ಬಂದ್ ಮಾಡುವ ವಾಲ್ವ್ ಹಾಕಿ, ಕೈಗೆಟಕುವ ಕಡೆ. ಇದು ಆಗ ದಂಡದ ಖರ್ಚು ಅನಿಸುತ್ತದೆ. ಸೋರಿಕೆ ಹುಡುಕುವ ದಿನ ಪ್ರತಿ ವಾಲ್ವಿಗೂ ಕೈ ಮುಗಿಯುತ್ತೀರಿ.

ಹಂತ 5: ಸದ್ದು ಹುಟ್ಟುವ ಜಾಗಗಳನ್ನು ಒಂದೊಂದಾಗಿ ಮುಚ್ಚಿ

ಇದೇ ಮುಖ್ಯ. ಸದ್ದು ಕಮ್ಮಿ ಮಾಡೋಕೆ ಪೈಪಿಗೆ ಸ್ಪಂಜು ಸುತ್ತಿಬಿಟ್ಟರೆ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಸುತ್ತುವುದು ಕೊನೆಯ ಕೆಲಸ.

ಕಮೋಡಿನಿಂದ ಶುರು ಮಾಡೋಣ. ವಿಮಾನದಲ್ಲಿ ಫಟ್ ಅಂತ ಬರುತ್ತದಲ್ಲ, ಅದು ವಾಲ್ವ್ ಥಟ್ಟನೆ ತೆರೆದಾಗ ಗಾಳಿ ನುಗ್ಗುವ ಸದ್ದು. ಅಮೆರಿಕದ ಯೂಟಾದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ವಿಮಾನದ ಕಮೋಡಿನ ಮೇಲೆ ಇದಕ್ಕಾಗಿಯೇ ಪ್ರಯೋಗ ಮಾಡಿದರು. ಕಮೋಡಿಗೂ ವಾಲ್ವಿಗೂ ನಡುವಿನ ಪೈಪನ್ನು ಉದ್ದ ಮಾಡಿದರು, ಬಾಗನ್ನು ಅಗಲ ಮಾಡಿದರು, ಅಷ್ಟೇ. ವಾಲ್ವ್ ತೆರೆಯುವ ಕ್ಷಣದ ಸದ್ದಿನಲ್ಲಿ ಗರಿಷ್ಠ 16 ಡೆಸಿಬೆಲ್‌ನಷ್ಟು ಕಮ್ಮಿಯಾಯಿತು. ನಮಗೆ ಇದರಲ್ಲಿ ಪಾಠ ಇದೆ. ಕಮೋಡಿನ ಬೆನ್ನಿಗೇ 90 ಡಿಗ್ರಿ ಎಲ್ಬೋ ಹಾಕಬೇಡಿ. ಎರಡು 45 ಡಿಗ್ರಿ ಬೆಂಡ್ ಹಾಕಿ, ಅವುಗಳ ನಡುವೆ ಸ್ವಲ್ಪ ನೇರ ಪೈಪ್ ಬಿಡಿ. ತಿರುವು ಕಡಿದಾದಷ್ಟೂ ಗಾಳಿ ಕಿರುಚುತ್ತದೆ. ವಾಲ್ವನ್ನು ಕಮೋಡಿನ ಒಳಗೇ ಕೂರಿಸಿರುವ ಮಾದರಿಗಳಲ್ಲಿ ಆ ಮೊದಲ ದೂರ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಕೊಳ್ಳುವ ಮುಂಚೆಯೇ ಕಂಪನಿಯವರ ಸದ್ದಿನ ಅಂಕಿ ಕೇಳಿ, ಸಾಧ್ಯವಾದರೆ ಎಲ್ಲಾದರೂ ಹಾಕಿರುವುದನ್ನು ಒತ್ತಿ ಕಿವಿಯಾರೆ ಕೇಳಿ.

ಮುಚ್ಚಳ ಮುಚ್ಚಿ ಫ್ಲಶ್ ಮಾಡಿದರೆ ಕೇಳಿಸುವ ಸದ್ದು ಚೆನ್ನಾಗಿಯೇ ಇಳಿಯುತ್ತದೆ. ಆದರೆ ಮುಚ್ಚಳದ ಕೆಳಗೆ ಗಾಳಿ ಒಳಬರಲು ಸಂದು ಇರಲೇಬೇಕು, ಇಲ್ಲದಿದ್ದರೆ ಫ್ಲಶ್ಶೇ ಆಗುವುದಿಲ್ಲ. ಟಾಯ್ಲೆಟ್ ಬಾಗಿಲ ಕೆಳಗಿನ ಸಂದಿಯನ್ನು ಮುಚ್ಚುವುದು, ಗಟ್ಟಿ ಹಲಗೆಯ ಬಾಗಿಲು ಹಾಕಿಸುವುದು ಅಗ್ಗದ ಉಪಾಯ. ಟೊಳ್ಳು ಪಿವಿಸಿ ಬಾಗಿಲು ಸದ್ದಿಗೆ ಪರದೆ ಇದ್ದ ಹಾಗೆ, ಇದ್ದೂ ಇಲ್ಲ.

ಬೇಸಿನ್ನಿನ ಸದ್ದು ಬೇರೆ ಜಾತಿ. ಡಬ್ಬಿ ಖಾಲಿಯಾಗುವಾಗ ಕೊನೆಯಲ್ಲಿ ಗೊಳಕ್ ಅನ್ನುತ್ತದೆ, ಎಳನೀರಿನದೇ ಸದ್ದು. ಡಾಕ್ಟರು ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದಾಗ ಪಕ್ಕದ ಬೇಸಿನ್ ಗೊಳಕ್ ಅಂದರೆ ಹೇಗಿರುತ್ತೆ ಹೇಳಿ. ಆ ಗಾಳಿ ಬೇಸಿನ್ನಿನ ಟ್ರ್ಯಾಪ್ ಮೂಲಕ ಬರಬಾರದು. ಬಂದರೆ ಸದ್ದಿನ ಜೊತೆ ಟ್ರ್ಯಾಪಿನ ನೀರೂ ಹೋಗಿ ವಾಸನೆ ಶುರುವಾಗುತ್ತದೆ. ಡಬ್ಬಿಗೆ ಪ್ರತ್ಯೇಕ ಗಾಳಿಕೊಳವೆ ಕೊಡಿ, ಅದರ ತುದಿಯನ್ನು ಕೋಣೆಯಿಂದ ಆಚೆ ಒಯ್ಯಿರಿ, ತುದಿಗೆ ಸೈಲೆನ್ಸರ್ ಹಾಕಿ. ಅಕ್ಕಪಕ್ಕದ ಎರಡು ಮೂರು ಬೇಸಿನ್ನಿಗೆ ಒಂದೇ ಬಫರ್ ಮಾಡಿ ಅದನ್ನು ಕಾರಿಡಾರಿನ ಕಪಾಟಿನಲ್ಲಿಟ್ಟರೆ ಇನ್ನೂ ಚೆನ್ನ. ನಮ್ಮ ಕ್ಲಿನಿಕ್‌ನಲ್ಲಿ ಎಂಟು ಬೇಸಿನ್ನಿಗೆ ಮೂರೇ ಡಬ್ಬಿ.

ಪೈಪಿನಲ್ಲಿ ಓಡುವ ಮುದ್ದೆ ಪ್ರತಿ ತಿರುವಿನಲ್ಲೂ ಗೋಡೆಗೆ ಗುದ್ದುತ್ತದೆ. ಪೈಪನ್ನು ಹಿಡಿದಿರುವ ಕ್ಲ್ಯಾಂಪ್ ಬರೀ ಕಬ್ಬಿಣದ್ದಾದರೆ ಆ ಗುದ್ದು ನೇರ ಸ್ಲ್ಯಾಬಿಗೆ ಹೋಗುತ್ತದೆ. ಸ್ಲ್ಯಾಬು ಮೇಲಿನ ಮನೆಯವರಿಗೆ ತಮಟೆ. ರಬ್ಬರ್ ಒಳಪದರ ಇರುವ ಕ್ಲ್ಯಾಂಪನ್ನೇ ಬಳಸಿ, ತಿರುವಿನ ಎರಡೂ ಕಡೆ ಬಿಗಿ ಹಿಡಿತ ಕೊಡಿ. ಪೈಪ್ ಗೋಡೆ ದಾಟುವ ಕಡೆ ಗಾರೆ ಪೈಪಿಗೆ ತಾಗಬಾರದು. ದೊಡ್ಡ ತೋಳು ಪೈಪ್ ಹಾಕಿ, ನಡುವೆ ಮೆತ್ತನೆ ಪದಾರ್ಥ ತುಂಬಿ. ಮೇಸ್ತ್ರಿ ಫಿನಿಶಿಂಗ್ ಚೆನ್ನಾಗಿರಲಿ ಅಂತ ಪ್ರೀತಿಯಿಂದ ಸಿಮೆಂಟ್ ಮೆತ್ತಿರುತ್ತಾನೆ. ಪಾಪ, ಅವನಿಗೆ ಯಾರೂ ಹೇಳಿರುವುದಿಲ್ಲ. ಇದೆಲ್ಲ ಆದ ಮೇಲೆ ಭಾರದ ಸದ್ದುತಡೆ ಹಾಳೆ ಸುತ್ತಿ. ತೂಕ ಇರುವುದು ಮಾತ್ರ ಕೆಲಸ ಮಾಡುತ್ತದೆ, ಬರೀ ಥರ್ಮೋಕೋಲ್ ಸುತ್ತಿದರೆ ಲಾಭವಿಲ್ಲ.

ಯಂತ್ರದ ಕೋಣೆಯಲ್ಲಿ ಪಂಪಿನ ಕೆಳಗೆ ರಬ್ಬರ್ ಮೌಂಟು, ಪಂಪಿಗೂ ಪೈಪಿಗೂ ನಡುವೆ ಬಾಗುವ ಮೆತು ತುಂಡು. ಪಂಪ್ ಹೊರಗೆ ಬಿಡುವ ಗಾಳಿಗೂ ಸದ್ದಿದೆ, ಅದಕ್ಕಿಂತ ಜಾಸ್ತಿ ವಾಸನೆ ಇದೆ. ಅದಕ್ಕೆ ಸೈಲೆನ್ಸರ್ ಹಾಕಿ ತಾರಸಿಯ ಮೇಲಕ್ಕೆ ಒಯ್ಯಿರಿ, ಅಕ್ಕಪಕ್ಕದ ಮನೆಯ ಕಿಟಕಿಯಿಂದ ದೂರ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬೆಲ್. ಕಾಂಪೌಂಡ್ ಹತ್ತಿರ ಆ ಹೊತ್ತಿನಲ್ಲೇ ಅಳೆದು ನೋಡಿ.

ಇನ್ನೊಂದು ಉಪಾಯಕ್ಕೆ ದುಡ್ಡೇ ಬೇಡ. ವ್ಯಾಕ್ಯೂಮ್ ಜಾಸ್ತಿ ಇದ್ದಷ್ಟೂ ಗಾಳಿಯ ರಭಸ ಜಾಸ್ತಿ, ಸದ್ದೂ ಜಾಸ್ತಿ. ಅಳವಡಿಸುವವರು ದೂರು ಬರದಿರಲಿ ಅಂತ 60ಕ್ಕೆ ಇಟ್ಟು ಹೋಗಿರುತ್ತಾರೆ. ಬಳಕೆ ಕಮ್ಮಿ ಇರುವ ರಾತ್ರಿ ಹೊತ್ತು 40ರ ಆಸುಪಾಸಿಗೆ ಇಳಿಸಿ, ಅತಿ ದೂರದ, ಅತಿ ಎತ್ತರ ಹತ್ತುವ ಕಮೋಡನ್ನು ಒತ್ತಿ ನೋಡಿ. ಅದು ಪೂರ್ತಿ ಖಾಲಿಯಾದರೆ ಆ ಮಟ್ಟ ಸಾಕು.

ಹಂತ 6: ಸೀಲಿಂಗ್ ಮುಚ್ಚುವ ಮುಂಚೆ

ಪೈಪಿನ ಎಲ್ಲ ತುದಿ ಮುಚ್ಚಿ, 60-70 ಕಿಲೋಪ್ಯಾಸ್ಕಲ್ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ, ಒಂದು ಗಂಟೆ ಬಿಡಿ. ಗೇಜಿನ ಮುಳ್ಳು ಶೇ 5ಕ್ಕಿಂತ ಜಾಸ್ತಿ ಇಳಿಯಬಾರದು. ಇಳಿದರೆ ಕೊಂಬೆ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ, ತಪ್ಪಿತಸ್ಥ ಕೊಂಬೆ ಸಿಗುತ್ತದೆ. ಆಮೇಲೆ ಕಿವಿ ಇಟ್ಟು ಕೇಳಿ, ಸಣ್ಣಗೆ ಸುಯ್ ಅನ್ನುತ್ತಿರುತ್ತದೆ.

ಈ ಒಂದು ಗಂಟೆಯನ್ನು ನಾವು ಆ ಕ್ಲಿನಿಕ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಸಿದ್ದೆವು. ಫಾಲ್ಸ್ ಸೀಲಿಂಗಿನವರು ಏಣಿ ಹಿಡಿದು ಕಾಯುತ್ತಿದ್ದರು. ಒಂದು ಜಾಯಿಂಟಿಗೆ ಸಾಲ್ವೆಂಟ್ ಅರ್ಧ ಸುತ್ತು ಮಾತ್ರ ಹತ್ತಿತ್ತು. ಕೂದಲೆಳೆಯಷ್ಟು ಸೋರಿಕೆ. ನೀರು ಒಂದು ಹನಿಯೂ ಬೀಳುವುದಿಲ್ಲ, ಯಾಕೆಂದರೆ ಇಲ್ಲಿ ಸೋರುವುದು ಒಳಕ್ಕೆ. ರಾತ್ರಿ ಯಾರೂ ಇಲ್ಲದಿದ್ದರೂ ಆ ಗಾಳಿ ನಿಧಾನಕ್ಕೆ ತುಂಬಿ, ಅರ್ಧ ಗಂಟೆಗೊಮ್ಮೆ ಪಂಪು ಎದ್ದು ಓಡುತ್ತಿತ್ತು. ಡಕ್ಟಿನೊಳಗಿನ ನಾಲ್ಕು ಕ್ಲ್ಯಾಂಪುಗಳಿಗೆ ರಬ್ಬರ್ ಇರಲಿಲ್ಲ. ಪಂಪಿನ ನಡುಕ ಅಲ್ಲಿಂದ ಗೋಡೆ ಹತ್ತಿ ಎರಡನೇ ಮಹಡಿಯ ಮಂಚದ ತಲೆಗೆ ಹೋಗುತ್ತಿತ್ತು. ಅಮ್ಮಾವ್ರ ಗುರ್ ಅಂದರೆ ಇದೇ. ಜಾಯಿಂಟ್ ಕತ್ತರಿಸಿ ಹೊಸದು ಹಾಕಿದೆವು, ಕ್ಲ್ಯಾಂಪ್ ಬದಲಿಸಿದೆವು. ಸುತ್ತಿದ್ದ ದುಬಾರಿ ಹಾಳೆಗೂ ಈ ಸದ್ದಿಗೂ ಸಂಬಂಧವೇ ಇರಲಿಲ್ಲ.

ಹಂತ 7: ಕರೆಂಟು, ಚೇಂಬರು, ಒಪ್ಪಿಗೆ

ಕರೆಂಟ್ ಹೋದರೆ ಟ್ಯಾಂಕಿನಲ್ಲಿ ಉಳಿದ ವ್ಯಾಕ್ಯೂಮಿನಲ್ಲಿ ಕೆಲವು ಫ್ಲಶ್ ಆಗಬಹುದು, ಆಮೇಲೆ ಇಲ್ಲ. ಪಂಪನ್ನು ಜನರೇಟರ್ ಲೈನಿಗೆ ಹಾಕಿ, ಕಂಟ್ರೋಲ್ ಪ್ಯಾನೆಲ್ಲನ್ನು ಯುಪಿಎಸ್ಸಿಗೆ. ಜೊತೆಗೆ, ಕಟ್ಟಡದಲ್ಲಿ ಮೊದಲಿದ್ದ ಗುರುತ್ವದ ಟಾಯ್ಲೆಟ್ಟನ್ನು ಉಗ್ರಾಣ ಮಾಡಬೇಡಿ. ಅದೊಂದು ಇರಲಿ.

ಪಂಪಿನ ಟ್ಯಾಂಕಿನಿಂದ ಕೊಳಚೆ ಹೋಗುವುದು ಮಾಮೂಲಿ ಚೇಂಬರಿಗೇ. ಅಲ್ಲಿ ಒಂದೇ ಸಲ ರಭಸದಿಂದ ಬೀಳುತ್ತದೆ, ಹಳೇ ಇಟ್ಟಿಗೆ ಚೇಂಬರಾದರೆ ದುರಸ್ತಿ ಮಾಡಿಸಿ, ಮುಚ್ಚಳ ಬಿಗಿ ಮಾಡಿ. ನೀರು ಕಮ್ಮಿ ಇರುವುದರಿಂದ ಕೊಳಚೆ ಮಂದವಾಗಿರುತ್ತದೆ. ಸ್ವಂತ ಕೊಳಚೆ ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ ಇರುವ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನೋಡಿಕೊಳ್ಳುವವರಿಗೆ ಮೊದಲೇ ಹೇಳಿ. ಅಸೋಸಿಯೇಷನ್ನಿನ ಒಪ್ಪಿಗೆ ಲಿಖಿತದಲ್ಲಿರಲಿ. ಮೇಲಿನ, ಕೆಳಗಿನ ಮನೆಯವರ ಜೊತೆ ಕೆಲಸಕ್ಕೆ ಮುಂಚೆ ಒಂದು ಕಾಫಿ ಕುಡಿದಿರುವುದು ಲಿಖಿತಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 8: ಆಮೇಲಿನ ಆರೈಕೆ

ಅಮೆರಿಕದ ನೌಕಾಪಡೆಯ ಎರಡು ವಿಮಾನವಾಹಕ ಹಡಗುಗಳಲ್ಲಿ, ಜಾರ್ಜ್ ಎಚ್. ಡಬ್ಲ್ಯು. ಬುಷ್ ಮತ್ತು ಜೆರಾಲ್ಡ್ ಆರ್. ಫೋರ್ಡ್, ಇಂಥದೇ ಟಾಯ್ಲೆಟ್ಟುಗಳಿವೆ. ಅಲ್ಲಿ ಪೈಪು ಅನಿರೀಕ್ಷಿತವಾಗಿ, ಪದೇ ಪದೇ ಕಟ್ಟಿಕೊಳ್ಳುತ್ತಿದೆ, ಆ್ಯಸಿಡ್ ಹಾಕಿ ತೊಳೆಯಲು ಸಲಕ್ಕೆ ಸುಮಾರು 4 ಲಕ್ಷ ಡಾಲರ್ ಬೇಕು ಅಂತ ಅಲ್ಲಿನ ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ 2020ರಲ್ಲಿ ಬರೆಯಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಾಡೇನು? ಮೂತ್ರಕ್ಕೆ ನೀರು ಕಮ್ಮಿ ಬೆರೆತಷ್ಟೂ ಪೈಪಿನೊಳಗೆ ಸುಣ್ಣದಂಥ ಪದರ ಬೇಗ ಕಟ್ಟುತ್ತದೆ. ಬೋರ್‌ವೆಲ್ ಗಡಸು ನೀರಾದರೆ ಕೇಳುವುದೇ ಬೇಡ. ಫ್ಲಶ್ಶಿಗೆ ಕಾವೇರಿ ನೀರೋ ಮೆದು ಮಾಡಿದ ನೀರೋ ಕೊಡಿ. ಪೈಪ್ ಕಂಪನಿ ಒಪ್ಪುವ ಮೆದು ಆಮ್ಲದ ದ್ರಾವಣವನ್ನು ಆಗಾಗ, ರಾತ್ರಿ ಹೊತ್ತು ಕಮೋಡಿನಿಂದ ಎಳೆಸಿ. ಬ್ಲೀಚಿಂಗ್ ಪುಡಿ ಜೊತೆ ಆಮ್ಲ ಎಂದೂ ಸೇರಬಾರದು, ವಿಷದ ಗಾಳಿ ಏಳುತ್ತದೆ. ಸ್ವಚ್ಛ ಮಾಡುವ ಆಯಮ್ಮನಿಗೆ ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿ, ಬಾಯಲ್ಲೂ ಹೇಳಿ. ನೆಲ ಒರೆಸುವ ಬಟ್ಟೆ, ಪ್ಯಾಡು, ಪೊರಕೆ ಕಡ್ಡಿ ಒಳಗೆ ಹೋಗಬಾರದು ಅಂತಲೂ ಹೇಳಿ. ಬಕೆಟ್ ನೀರನ್ನು ಒಮ್ಮೆಲೇ ಕಮೋಡಿಗೆ ಸುರಿಯಬಾರದು, ಅದರ ಹೊಟ್ಟೆ ಚಿಕ್ಕದು, ಉಕ್ಕುತ್ತದೆ.

ಡಾಕ್ಟರ ಕ್ಲಿನಿಕ್‌ನಲ್ಲಿ ಪ್ಯಾನೆಲ್ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಪಂಪ್ ಎಷ್ಟು ಸಲ ಎದ್ದಿತು ಅಂತ ತೋರಿಸುವ ಕೌಂಟರ್ ಪ್ಯಾನೆಲ್ಲಿನಲ್ಲೇ ಇದೆ. ವಾಚ್‌ಮನ್ ಅದನ್ನು ರಾತ್ರಿ ಹತ್ತಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ ಬರೆಯುತ್ತಾನೆ. ಫ್ಲಶ್ಶೇ ಇಲ್ಲದ ಆ ಎಂಟು ಗಂಟೆಯಲ್ಲಿ ಎರಡು ಸಲ ಎದ್ದರೆ ಸರಿ. ಐದಾದರೆ ಎಲ್ಲೋ ಗಾಳಿ ಹಿಡಿಯುತ್ತಿದೆ, ಎರಡನೇ ಮಹಡಿಯಿಂದ ಫೋನ್ ಬರುವ ಮುಂಚೆ ನನಗೆ ಫೋನ್ ಮಾಡಬೇಕು ಅಂತ ಹೇಳಿಟ್ಟಿದ್ದೇನೆ.